ತಿರುಗಿಸಿ ನೋಡದ ಕಾರು

“ಕೈ ತೊಳ್ಕೊಂಡು ಬಂದು ನೋಡಬಾರದಾ? ಅದೇನು ಎದ್ದು ಓಡಿಹೋಗತ್ತಾ?” ಎಂದಳು ಹೆಂಡತಿ, ಹುರಿದ ಮೀನಿನ ತಟ್ಟೆಯನ್ನು ಮೇಜಿನ ನಡುವೆ ಇಡುತ್ತ.

“ಓಡೋ ಜಾತೀದೇ ಅದು. ಅದಕ್ಕೇ ಕೂತಲ್ಲೇ ಹಿಡ್ಕೊಳ್ತೀನಿ,” ಎಂದ ಗಂಡ.

ಅವನ ಬಲಗೈ ಬೆರಳಿಗೆಲ್ಲ ಮೀನಿನ ಎಣ್ಣೆ. ಎಡಗೈ ಚಾಚಿ ಅಕ್ಕನ ಮಗಳ ಕೈಯಿಂದ ಕಾರನ್ನು ಇಸಿದುಕೊಂಡ. ಮೊಳದುದ್ದದ ಕೆಂಪು ಕಾರು; ದಪ್ಪ ಗಾಲಿಗಳದ್ದು, ರಿಮೋಟು ಹಿಡಿದು ದೂರದಿಂದ ಓಡಿಸುವಂಥದ್ದು. ತೀರಿಕೊಂಡ ಭಾವನ ಸೊತ್ತು. ಭಾವ ಹೋದಮೇಲೆ ಅಕ್ಕ ಮಗಳನ್ನು ಕರೆದುಕೊಂಡು ತಮ್ಮನ ಮನೆಗೆ ಬಂದಾಗ ಅಟ್ಟ ಸೇರಿದ್ದು, ಆ ಭಾನುವಾರ ಕೆಳಗಿಳಿದಿತ್ತು. ಹುಡುಗಿ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಬಂದ ಗಿರಾಕಿಯೊಬ್ಬ ಇಂಥ ಹಳೇ ಕಾರುಗಳಿಗೆ ಈಗ ಭಾರಿ ಬೆಲೆ ಎಂದು ಅವಳ ತಲೆಗೆ ತುಂಬಿದ್ದ. ಮನೆಯಲ್ಲೇ ಜಡ್ಜ್ ಇರುವಾಗ ಹೊರಗಿನವರನ್ನು ಯಾಕೆ ಕೇಳಬೇಕು?

ಜಡ್ಜ್ ಎಂದು ಹೆಸರಿಟ್ಟವಳು ಅವನ ತಾಯಿಯೇ. ಹಾಲು ನಾಳೆಯವರೆಗೆ ತಡೆಯುತ್ತದೋ ಇಲ್ಲವೋ ಎಂದು ಮೂಸಿ ಹೇಳುವವನು ಅವನು, ಕಲ್ಲಂಗಡಿ ಬಡಿದು ತೀರ್ಪು ಕೊಡುವವನು ಅವನು, ಹೆಂಡತಿ ತಂದ ಬೆಡ್‌ಶೀಟು ಎಷ್ಟು ಒಗೆತಕ್ಕೆ ಬಣ್ಣ ಬಿಡುತ್ತದೆಂದು ಅಂಗಡಿಯವನ ಎದುರೇ ಹೇಳಿ ಅವಳ ಮರ್ಯಾದೆ ತೆಗೆಯುವವನೂ ಅವನೇ. ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಅವನಿಗೆ ಕೆಲಸ. ಬಿಳಿಯಲ್ಲಿ ಎಷ್ಟು ಬಗೆಯ ಬಿಳಿ ಇದೆ, ಯಾವ ಪ್ಲಾಸ್ಟಿಕ್ಕು ಎಷ್ಟು ವಯಸ್ಸಿಗೆ ಹಳದಿಗೆ ತಿರುಗುತ್ತದೆ ಎಂಬುದು ಅನ್ನ ಕೊಡುವ ವಿದ್ಯೆ. ಅದೇ ಕಣ್ಣನ್ನು ಬಿಡುವಿನಲ್ಲಿ ಮಾದರಿ ಕಾರುಗಳ ಮೇಲೆ ಹಾಯಿಸುತ್ತಿದ್ದ. ಫೋನಿನ ಗುಂಪೊಂದರಲ್ಲಿ ಮುಖ ನೋಡದವರೆಲ್ಲ ಫೋಟೋ ಕಳಿಸಿ, “ಸಾರ್, ಇದು ಹಳೇದಾ, ರೀಇಶ್ಯೂನಾ?” ಎಂದು ಕೇಳುತ್ತಿದ್ದರು. ಹಳೆಯ ಮಾದರಿಯನ್ನು ಕಂಪನಿಯೇ ವರ್ಷಗಳ ಮೇಲೆ ಮತ್ತೆ ತಯಾರಿಸಿ ಮಾರಿದರೆ ಅದು ರೀಇಶ್ಯೂ. ಪಕ್ಕಪಕ್ಕ ಇಟ್ಟರೆ ಎರಡೂ ಅವಳಿ ಮಕ್ಕಳಂತೆ. ಬೆಲೆಯಲ್ಲಿ ಮಾತ್ರ ಅಜಗಜಾಂತರ. “ಮೇಲೆ ನೋಡಿ ಹೇಳಬೇಡಿ, ತಿರುಗಿಸಿ, ಬಿಚ್ಚಿ ನೋಡಿ,” ಎಂದು ಅವನು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ.

“ನಿನ್ನ ಭಾವ ಮೊದಲನೇ ಸಂಬಳದಲ್ಲಿ ತಗೊಂಡಿದ್ದು ಕಣೋ,” ಎಂದಳು ಅಕ್ಕ. ಅವಳ ಮುಖದಲ್ಲಿ ಬಹಳ ದಿನಗಳ ಮೇಲೆ ಒಂದು ಹುರುಪು. “ಅವರ ಅಕ್ಕನ ಮನೇಲಿ ಬಿದ್ದಿತ್ತಂತೆ. ಇವಳು ಒಂದನೇ ಕ್ಲಾಸಿಗೆ ಸೇರಿದ ವರ್ಷ ಹೊತ್ಕೊಂಡು ಬಂದ್ರು. ಅಪ್ಪ ಮಗಳು ಊಟಕ್ಕೆ ಕರೆದ್ರೂ ಬರ್ತಿರ್ಲಿಲ್ಲ. ಮಾರೋ ಮಾತೇ ಇಲ್ಲ. ಎಷ್ಟು ಹಳೇದು ಅಂತ ಹೇಳು, ಸಾಕು.”

ಅವನು ಕಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿದ. ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಹೆಬ್ಬೆರಳಿನಿಂದ ಒತ್ತಿದ. ಟೈರಿಗೆ ಉಗುರು ಊರಿದ. ಸ್ಟಿಕ್ಕರಿನ ಮೂಲೆಯ ಸಣ್ಣ ಅಕ್ಷರ ಓದಿದ. ತಿರುಗಿಸಬೇಕೆಂದರೆ ಇನ್ನೊಂದು ಕೈ ಬೇಕು. ಇನ್ನೊಂದು ಕೈ ಎಂಜಲು.

“ಅಕ್ಕಾ, ಬೇಜಾರು ಮಾಡ್ಕೋಬೇಡ. ಇದು ರೀಇಶ್ಯೂ.”

“ಅಂದ್ರೆ?”

“ಹಳೇದಾಗಿದ್ರೆ ಈ ಮೇಲಿನ ಹೊದಿಕೆ ಮುಟ್ಟಿದ್ರೆ ಚೂರಾಗ್ಬೇಕಿತ್ತು. ಟೈರು ಬಿರುಕು ಬಿಟ್ಟಿರ್ಬೇಕಿತ್ತು. ಈ ಸ್ಟಿಕ್ಕರಿನ ಗುರುತಂತೂ ಆಮೇಲಿನದ್ದೇ. ಕಂಪನಿ ಇದನ್ನ ಮತ್ತೆ ಬಿಟ್ಟಿದ್ದೇ ಇವಳು ಒಂದನೇ ಕ್ಲಾಸಿಗೆ ಹೋಗೋ ಹೊತ್ತಿಗೆ. ಮೊದಲನೇ ಸಂಬಳ ಎಲ್ಲಿಂದ ಬಂತು? ಭಾವ ಸೀದಾ ಅಂಗಡಿಯಿಂದ ಹೊಸದು ತಂದು ನಿಂಗೆ ಕಥೆ ಕಟ್ಟಿದ್ದಾರೆ.” ಅಷ್ಟು ಸಾಲದೆಂದು ನಕ್ಕ. “ಪರವಾಗಿಲ್ಲ ಭಾವ, ಕಿಲಾಡಿ!”

ಅವನ ಜೊತೆ ಯಾರೂ ನಗಲಿಲ್ಲ.

ಹುಡುಗಿ ಒಂದನೇ ಕ್ಲಾಸಿಗೆ ಸೇರಿದ್ದು ಎಂಥ ವರ್ಷವೆಂದು ಮನೆಯವರಿಗೆಲ್ಲ ಗೊತ್ತಿತ್ತು. ಭಾವನ ಸೈಕಲ್ ಕಾರ್ಖಾನೆಗೆ ಬೀಗ ಬಿದ್ದ ವರ್ಷ. ಬಾಡಿಗೆ ಕಟ್ಟಲಾಗದೆ ಅಕ್ಕ ತನ್ನ ಹೊಲಿಗೆ ಮೆಷಿನ್ನನ್ನು ಮಾರಿದ ವರ್ಷ. ಮಾರಿದ ದಿನ ಭಾವ ಮೆಷಿನ್ನಿನ ಮುಂದೆ ಕೂತು, “ನನ್ನ ಹತ್ರ ಒಂದು ಬಿಡಿಗಾಸು ಇದ್ದಿದ್ರೂ ಇದನ್ನ ಹೊರಗೆ ಕಳಿಸ್ತಿರ್ಲಿಲ್ಲ,” ಎಂದು ಅತ್ತಿದ್ದನ್ನು ಅಕ್ಕ ಎಷ್ಟೋ ಸಲ ಹೇಳಿದ್ದಳು. ಹೇಳುವಾಗ ಮೆಷಿನ್ ಹೋದ ದುಃಖಕ್ಕಿಂತ ಗಂಡ ಅತ್ತ ಸಂತೋಷವೇ ಅವಳ ದನಿಯಲ್ಲಿ ಹೆಚ್ಚಾಗಿರುತ್ತಿತ್ತು.

ಅಕ್ಕ ತಟ್ಟೆಯಲ್ಲಿದ್ದುದನ್ನು ಒಂದು ಬದಿಗೆ ಒತ್ತಿದಳು. “ಊಟ ಆಯ್ತು,” ಎಂದು ಎದ್ದಳು.

“ಬೆಲೆ ಏನೂ ಇಲ್ವಾ ಮಾಮ?” ಎಂದಳು ಹುಡುಗಿ, ಇನ್ನೂ ಏನೂ ಹೊಳೆಯದೆ.

“ಆಟದ ಸಾಮಾನಿನ ಬೆಲೆ,” ಎಂದು ಅವನು ಮೀನಿನ ಮುಳ್ಳು ಬಿಡಿಸತೊಡಗಿದ.

*

ಮರುದಿನ ಹಾಲ್‌ನಲ್ಲಿದ್ದ ಭಾವನ ಫೋಟೋ ಗೋಡೆಯಲ್ಲಿರಲಿಲ್ಲ. ಮೊಳೆ ಮಾತ್ರ ಇತ್ತು.

“ಫೋಟೋ ಎಲ್ಲಮ್ಮ?” ಎಂದಳು ಮಗಳು.

“ಧೂಳು ಕೂತಿತ್ತು. ಒಳಗಿಟ್ಟಿದ್ದೀನಿ.”

“ಒರೆಸಿ ಮತ್ತೆ ಹಾಕ್ಲಾ?”

“ನಿನ್ನ ಕೆಲಸ ನೋಡು.”

ಆಮೇಲೆ ಶುರುವಾಯಿತು ನೋಡಿ ಅಕ್ಕನ ಲೆಕ್ಕಾಚಾರ. ಬಟ್ಟೆ ಮಡಿಸುವಾಗ, ಹೊಲಿಗೆಗೆ ಕೊಟ್ಟ ಗಿರಾಕಿಯ ಪ್ಯಾಂಟಿನ ಅಂಚು ಬಿಚ್ಚುವಾಗ, ತರಕಾರಿ ಹೆಚ್ಚುವಾಗ ಸಂಸಾರವನ್ನೆಲ್ಲ ಹೊಲಿಗೆ ಬಿಚ್ಚಿ ಬಿಚ್ಚಿ ನೋಡುತ್ತಿದ್ದಳು. “ಓವರ್‌ಟೈಮ್ ಅಂತ ತಡವಾಗಿ ಬರೋರಲ್ಲ, ಅದೂ ಯಾವ ಓವರ್‌ಟೈಮೋ.” “ಚಳಿಗಾಲಕ್ಕೆ ಕೋಟು ಬೇಡ ಅಂದ್ರು. ನಾನು ತ್ಯಾಗ ಅಂದ್ಕೊಂಡೆ. ಆಟದ ಕಾರಿಗೆ ಹಾಕಿದ್ಮೇಲೆ ಕೋಟಿಗೆಲ್ಲಿಂದ ಬರಬೇಕು?” ಸತ್ತವನು ಎದ್ದು ಬಂದು ಜವಾಬು ಕೊಡುವ ಹಾಗಿಲ್ಲ. ಅವನ ಪರವಾಗಿ ಮಗಳು ಕೊಡುತ್ತಿದ್ದಳು.

“ಅಪ್ಪ ಹಾಗೆ ಮಾಡೋರಲ್ಲ!”

“ನೀನು ಚಿಕ್ಕವಳು. ನಿಂಗೇನು ಗೊತ್ತು?”

“ನಿಂಗೆ ಗೊತ್ತಿತ್ತಲ್ಲ, ಇಷ್ಟು ವರ್ಷ ಜೊತೇಲಿದ್ದೆ. ಮಾಮ ಒಂದು ಮಾತು ಅಂದ್ರೆ ಎಲ್ಲ ಅಳಿಸಿಹೋಯ್ತಾ?”

“ಮಾಮ ಸುಳ್ಳು ಯಾಕೆ ಹೇಳ್ತಾನೆ? ಅವನಿಗೆ ತಿಳಿದಿರೋದು ಅದೊಂದೇ ವಿದ್ಯೆ.”

ಈ ಹೊಗಳಿಕೆ ಅಡುಗೆಮನೆಯಿಂದ ತೇಲಿಬಂದಾಗ ಜಡ್ಜ್ ಹಾಲ್‌ನಲ್ಲಿ ಕೂತು ಶೂ ಪಾಲಿಶ್ ಮಾಡುತ್ತಿದ್ದ. ನಾಚಿಕೆ ಇನ್ನೂ ಬಂದಿರಲಿಲ್ಲ; ಸ್ವಲ್ಪ ಇರಿಸುಮುರಿಸು, ಅಷ್ಟೇ.

“ನಿಮ್ಮ ಬಾಯಿಗೊಂದು ಝಿಪ್ ಹಾಕಿಸ್ಬೇಕು,” ಎಂದಳು ಹೆಂಡತಿ.

“ಇದ್ದಿದ್ದು ಇದ್ದ ಹಾಗೆ ಹೇಳಿದ್ದು ತಪ್ಪಾ?”

“ಕೇಳಿದ್ದು ಕಾರಿನ ವಯಸ್ಸು. ನೀವು ಹೇಳಿದ್ದು ಅವರ ಗಂಡನ ಜಾತಕ.”

ಅಮ್ಮ ಟೀವಿಯ ಸದ್ದು ತಗ್ಗಿಸಿ, “ಅಳಿಯ ಬದುಕಿದ್ದಾಗ ಅವನ ಮುಂದೆ ನೀನು ಕೆಮ್ತಿರ್ಲಿಲ್ಲ. ಈಗ ದೊಡ್ಡ ಕಿಲಾಡಿ ಅಂತೀಯ,” ಎಂದು ಮತ್ತೆ ಏರಿಸಿದಳು.

ಅಕ್ಕ ಅಷ್ಟಕ್ಕೇ ನಿಲ್ಲಲಿಲ್ಲ. ಒಂದು ಸಂಜೆ ಗಂಡನ ಅಕ್ಕನಿಗೇ ಫೋನು ಹಚ್ಚಿದಳು. ಆ ಕಾರು ತನ್ನ ಮನೆಯ ಅಟ್ಟದಲ್ಲೇ ಇತ್ತು, ತಾನೇ ಕೈಯಾರೆ ಇಳಿಸಿಕೊಟ್ಟೆ ಎಂದು ಆ ಹೆಂಗಸು ಹೇಳಿರಬೇಕು. “ನಿಮ್ಮ ತಮ್ಮ ಅಲ್ವಾ, ಮುಚ್ಚಿಹಾಕ್ತೀರಿ! ನೀವೂ ಅವರ ಜೊತೆ ಸೇರಿ ನನಗೆ ಸುಳ್ಳು ಹೇಳಿದ್ರಿ!” ಎಂದು ಅಕ್ಕ ಕೂಗಿದ್ದು ಕೆಳಗಿನ ಮಹಡಿಗೂ ಕೇಳಿಸಿತು. ಫೋನಿಟ್ಟವಳೇ ಕಾರನ್ನು ತಂದು ತಮ್ಮನ ಮುಂದೆ ಕುಕ್ಕಿದಳು.

“ಬಿಡಿಭಾಗ ಏನಾದ್ರೂ ಬೇಕಿದ್ರೆ ಕಿತ್ಕೋ. ಉಳಿದಿದ್ದು ಕಸಕ್ಕೆ ಹಾಕು. ಇದು ಕಣ್ಣಿಗೆ ಬಿದ್ರೆ ನಂಗೆ ಅನ್ನ ಸೇರಲ್ಲ.”

*

ಅವನು ಅದನ್ನು ಬಿಚ್ಚಿದ್ದು ಗುಂಪಿನ ಯಾರಿಗೋ ಒಂದು ಗಾಲಿ ಬೇಕಾಗಿತ್ತು ಎಂಬ ಕಾರಣಕ್ಕೆ. ರಜೆಯ ಮಧ್ಯಾಹ್ನ, ಬಾಲ್ಕನಿಯಲ್ಲಿ ಒಣಗುತ್ತಿದ್ದ ಟವೆಲ್ಲುಗಳ ನಡುವೆ ಸ್ಟೂಲು ಹಾಕಿಕೊಂಡು, ಎರಡೂ ಕೈ ಚೊಕ್ಕಟವಾಗಿ ತೊಳೆದುಕೊಂಡು ಕೂತ. ಕಾರನ್ನು ಬೋರಲು ಹಾಕಿದ.

ಅಲ್ಲಿಗೆ ಅವನ ಕೈ ನಿಂತಿತು.

ಹಳೆಯ ಕಾರಿನ ತಳದಲ್ಲಿ, ಹಿಂದಿನ ಗಾಲಿಗಳ ಹತ್ತಿರ ಒಂದು ದುರ್ಬಲ ಜಾಗವಿರುತ್ತದೆ. ಓಡಿಸಿ ಓಡಿಸಿ ಅಲ್ಲೇ ಸೀಳುತ್ತದೆ. ಕಂಪನಿ ಮತ್ತೆ ತಯಾರಿಸುವಾಗ ಅಲ್ಲೊಂದು ಅಡ್ಡಪಟ್ಟಿ ಸೇರಿಸಿ ಗಟ್ಟಿ ಮಾಡಿತ್ತು. ಈ ಕಾರಿನಲ್ಲಿ ಅಡ್ಡಪಟ್ಟಿ ಇರಲಿಲ್ಲ. ಸೀಳು ಇತ್ತು. ಸೀಳಿನ ಮೇಲೆ ತಗಡಿನ ಪಟ್ಟಿಯೊಂದನ್ನು ನಾಜೂಕಾಗಿ ಅರ ಹಾಕಿ ಕೂರಿಸಿದ್ದರು. ಸೈಕಲ್ ಕಾರ್ಖಾನೆಯಲ್ಲಿ ಪಳಗಿದ ಕೈಯ ಕೆಲಸ. ಹೊದಿಕೆ ತೆಗೆದು ನೋಡಿದ. ವೇಗ ಹೆಚ್ಚು ಕಡಿಮೆ ಮಾಡಲು ರೀಇಶ್ಯೂನಲ್ಲಿರುವ ಎಲೆಕ್ಟ್ರಾನಿಕ್ ಡಬ್ಬಿ ಇಲ್ಲ. ಹಳೆಯ ಕಾಲದ ತಾಮ್ರದ ತಟ್ಟೆ, ಅದರ ಮೇಲೆ ಜಾರುವ ಹಿತ್ತಾಳೆಯ ನಾಲಗೆ, ಉಜ್ಜಿ ಉಜ್ಜಿ ಸವೆದ ದಾರಿ. ವರ್ಷಗಟ್ಟಲೆ ಓಡಿದ ಕಾರು. ಮೇಲಿನ ಹೊದಿಕೆ, ಟೈರು ಮಾತ್ರ ಹೊಸವು. ಮುರಿದದ್ದಕ್ಕೆ ಬದಲಾಗಿ ಯಾರೋ ರೀಇಶ್ಯೂ ಕಾರಿನ ಬಿಡಿಭಾಗ ತಂದು ಹಾಕಿದ್ದರು. ಮುದುಕನಿಗೆ ಹೊಸ ಅಂಗಿ ತೊಡಿಸಿದ್ದನ್ನು ನೋಡಿ ಅವನು ಹುಡುಗನೆಂದು ತೀರ್ಪು ಕೊಟ್ಟಿದ್ದ.

ಭಾವ ಸುಳ್ಳು ಹೇಳಿರಲಿಲ್ಲ.

ಅವನಿಗೆ ಮೊದಲು ನೆನಪಾದದ್ದು ಅಕ್ಕನ ಮುಖವಲ್ಲ. ತನ್ನದೇ ಆ ನಗು. ಒಗೆದ ಟವೆಲ್ಲನ್ನೇ ಎಳೆದು ಕಾರಿನ ಮೇಲೆ ಮುಚ್ಚಿದ. ಒಳಗಿಂದ ಹೆಂಡತಿ, “ಟೀ ಬೇಕಾ?” ಎಂದರೆ ಕಳ್ಳನ ಹಾಗೆ ಬೆಚ್ಚಿ, “ಬೇಡ, ಬೇಡ,” ಎಂದ.

ಆ ರಾತ್ರಿಯೇ ಹೇಳಿಬಿಡಬೇಕು ಎಂದುಕೊಂಡ. ಊಟಕ್ಕೆ ಕೂತಾಗ ಅಕ್ಕ ಅವನ ತಟ್ಟೆಗೆ ಇನ್ನೊಂದು ಮೊಟ್ಟೆ ಹಾಕಿ, “ನೀನಾದ್ರೂ ನಿಜ ಹೇಳಿದೆಯಲ್ಲಪ್ಪ,” ಎಂದಳು. ಅವನು ಮೊಟ್ಟೆಯನ್ನು ಅನ್ನದೊಳಗೆ ಹುದುಗಿಸಿದ. ನಾಳೆ ಹೇಳೋಣ ಎಂದುಕೊಂಡ. ನಾಳೆ ಲ್ಯಾಬಿನಲ್ಲಿ ತುರ್ತು ಕೆಲಸ, ನಾಡಿದ್ದು ಅಕ್ಕನಿಗೆ ತಲೆನೋವು, ಅದರ ಮರುದಿನ ಅಮ್ಮನಿಗೆ ಕಾಲು ನೋವು. ಹೇಳದೆ ಇರುವುದಕ್ಕೆ ಮನೆಯಲ್ಲಿ ಯಾರಿಗಾದರೂ ಏನಾದರೂ ಆಗಿಯೇ ಇರುತ್ತದೆ.

ಒಮ್ಮೆ ಬಳಸು ದಾರಿ ಹಿಡಿದು ನೋಡಿದ. “ಅಕ್ಕಾ, ಯೋಚನೆ ಮಾಡಿದ್ರೆ ಭಾವ ಹಾಗೆಲ್ಲ ದುಡ್ಡು ಹಾಳು ಮಾಡೋ ಮನುಷ್ಯ ಅಲ್ಲ ಅನ್ಸತ್ತೆ.”

“ನೀನು ಒಳ್ಳೆಯವನು ಕಣೋ. ಅವರ ಪರ ವಕಾಲತ್ತು ಬೇಡ,” ಎಂದು ಅಕ್ಕ ದಾರ ಕಚ್ಚಿ ತುಂಡು ಮಾಡಿದಳು.

ಹೆಂಡತಿಗೆ ಗೊತ್ತಾದದ್ದು ಅಡುಗೆಯಿಂದ. ಒಂದು ರಾತ್ರಿ ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತು. ಅಮ್ಮ ನೀರು ಕುಡಿದಳು, ಹುಡುಗಿ ಬ್ರೆಡ್ಡಿನಲ್ಲಿ ಒತ್ತಿ ತಿಂದಳು. ಜಡ್ಜ್ ಮಾತಿಲ್ಲದೆ ತಟ್ಟೆ ಖಾಲಿ ಮಾಡಿದ.

ಮಲಗುವ ಕೋಣೆಯಲ್ಲಿ ಹೆಂಡತಿ ಹಣೆ ಮುಟ್ಟಿ ನೋಡಿದಳು. “ಜ್ವರ ಇಲ್ಲ. ಇಷ್ಟು ಉಪ್ಪಿಗೆ ನೀವು ಒಂದು ಭಾಷಣ ಮಾಡ್ಬೇಕಿತ್ತು. ಏನ್ರೀ ಆಗಿದೆ?”

ಹೇಳಿದ. ಗೋಡೆಯ ಕಡೆ ಮುಖ ಮಾಡಿಕೊಂಡು ಹೇಳಿದ.

“ಯಾವತ್ತು ಗೊತ್ತಾಯ್ತು?”

“ಹೋದ ವಾರ.”

“ಹೋದ ವಾರ! ಅತ್ತಿಗೆ ದಿನಾ ನಿಮ್ಮ ಕಣ್ಣೆದುರೇ ಸತ್ತವರನ್ನ ಬೈತಿದ್ದಾರೆ, ನೀವು ಕೂತು ಉಣ್ತಿದ್ದೀರಿ?”

“ಬೇರೆ ಯಾರೋ ತಜ್ಞರಿಗೆ ತೋರಿಸಿದೆ, ಅವರು ಹೇಳಿದ್ರು ಅಂತ ಹೇಳಿದ್ರೆ ಹೇಗೆ?” ಎಂದ ಅವನು ಮೆಲ್ಲಗೆ.

ಹೆಂಡತಿ ದೀಪ ಹಾಕಿ ಅವನನ್ನು ನೋಡಿದಳು. ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ಎಂಥೆಂಥ ಜನರನ್ನು ನೋಡಿದವಳು. ಆದರೂ ಆ ನೋಟ ಅವನಿಗೆ ಹೊಸದಾಗಿತ್ತು.

“ತಪ್ಪಾಯ್ತು ಅನ್ನೋದಕ್ಕೂ ಇನ್ನೊಬ್ಬರ ಬಾಯಿ ಬೇಕಾ ನಿಮಗೆ?” ಎಂದು ದೀಪ ಆರಿಸಿದಳು.

*

ಅಷ್ಟಾದರೂ ಅವನು ಹೇಳಲಿಲ್ಲ. ಹೇಳಿಸಿದ್ದು ಹುಡುಗಿಯ ಚೀಲ.

ಶನಿವಾರ ಸಂಜೆ ಅವನು ಲ್ಯಾಬಿನಿಂದ ಬಂದಾಗ ಬಾಗಿಲ ಬಳಿ ಅದು ಕೂತಿತ್ತು, ಝಿಪ್ಪು ಎಳೆಯಲಾಗದಷ್ಟು ತುಂಬಿ. ಅಕ್ಕ ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದಳು. ಅಮ್ಮ ಟೀವಿಯನ್ನೇ ಆರಿಸಿದ್ದಳು ಎಂದರೆ ವಿಷಯ ಎಷ್ಟು ದೊಡ್ಡದೆಂದು ತಿಳಿಯಿರಿ.

“ಎಲ್ಲಿಗೆ?” ಎಂದ.

“ಅಪ್ಪನ ಅಕ್ಕನ ಮನೆಗೆ,” ಎಂದಳು ಹುಡುಗಿ. “ಅಲ್ಲೇ ಇರ್ತೀನಿ. ಅಂಗಡಿಗೆ ಎರಡು ಬಸ್ಸು ಬದಲಾಯಿಸ್ಬೇಕು, ಪರವಾಗಿಲ್ಲ. ಅಲ್ಲಿ ನಮ್ಮಪ್ಪನ್ನ ಕಳ್ಳ ಅನ್ನೋರಿಲ್ಲ.”

“ಕಳ್ಳ ಅಂತ ಯಾರೇ ಅಂದ್ರು?” ಎಂದಳು ಅಕ್ಕ.

“ಬೆಳಿಗ್ಗೆ ನೀನೇ ಅಂದೆ. ನನ್ನ ಮೆಷಿನ್ ತಿಂದ ಕಳ್ಳ ಅಂದೆ. ಹಲ್ಲುಜ್ಜುತ್ತಾ ಅಂದೆ, ನಾನು ಕೇಳಿಸ್ಕೊಂಡೆ. ಟ್ಯಾಕ್ಸಿ ಹೇಳಿದ್ದೀನಿ, ಬರತ್ತೆ.”

“ಹೋಗು, ಹೋಗು. ಅಪ್ಪನ ಬುದ್ಧಿಯೇ ನಿಂದು. ಬಿಟ್ಟು ಹೋಗೋದು!”

ಜಡ್ಜ್ ಶೂ ಕೂಡ ಬಿಚ್ಚದೆ ಬಾಲ್ಕನಿಗೆ ಹೋದ. ಟವೆಲ್ಲಿನಲ್ಲಿ ಸುತ್ತಿದ ಕಾರನ್ನು ತಂದು ಇಸ್ತ್ರಿ ಮೇಜಿನ ಮೇಲೆ, ಗಿರಾಕಿಯ ಬಿಳಿ ಅಂಗಿಯ ಪಕ್ಕದಲ್ಲಿ ಬೋರಲು ಇಟ್ಟ.

“ಅಕ್ಕಾ, ನಾನು ತಪ್ಪು ಹೇಳಿದ್ದೆ.”

“ಏನು?”

“ಇದು ಹಳೇದೇ. ಭಾವ ಹೇಳಿದ್ದೇ ನಿಜ. ನಾನು ಅವತ್ತು ತಿರುಗಿಸಿ ನೋಡ್ಲಿಲ್ಲ. ಕೈ ಎಂಜಲಾಗಿತ್ತು, ಎದ್ದು ತೊಳೆಯೋಕೆ ಸೋಮಾರಿತನ. ನಿಮ್ಮೆಲ್ಲರ ಮುಂದೆ ಥಟ್ ಅಂತ ಹೇಳಿ ದೊಡ್ಡವನಾಗೋ ಚಪಲ. ಇಲ್ಲಿ ನೋಡು, ಈ ಸೀಳು, ಈ ತಗಡು ಭಾವಂದೇ ಕೆಲಸ. ಮೇಲಿನ ಹೊದಿಕೆ, ಟೈರು ಮಾತ್ರ ಆಮೇಲೆ ಯಾವಾಗಲೋ ಬದಲಾಯಿಸಿದ್ದಾರೆ. ಅದನ್ನ ನೋಡಿ ಮೋಸ ಹೋದೆ. ಈಗಲೂ ಇದಕ್ಕೆ ಒಳ್ಳೆ...”

“ಬೆಲೆ ಹೇಳಿದ್ರೆ ಈ ಇಸ್ತ್ರಿಪೆಟ್ಟಿಗೆ ನಿನ್ನ ತಲೆ ಮೇಲಿರತ್ತೆ,” ಎಂದಳು ಅಕ್ಕ.

ಅವನು ಒಂದು ಹೆಜ್ಜೆ ಹಿಂದೆ ಸರಿದ.

“ಆ ಹೊದಿಕೆ ಮುರಿದಿದ್ದು ನಾನು,” ಎಂದಳು ಹುಡುಗಿ. ಎಲ್ಲರೂ ಅವಳತ್ತ ತಿರುಗಿದರು. “ಅಪ್ಪ ಅತ್ತೆ ಮನೆಯಿಂದ ತಂದ ವಾರಾನೇ ನಾನು ಅದರ ಮೇಲೆ ಹತ್ತಿ ನಿಂತೆ. ಚೂರುಚೂರಾಯ್ತು. ಅಮ್ಮನಿಗೆ ಹೇಳ್ಬೇಡ, ಇಬ್ರಿಗೂ ಬೀಳತ್ತೆ ಅಂದ್ರು ಅಪ್ಪ. ಯಾರೋ ಸ್ನೇಹಿತರ ಕೆಟ್ಟ ಕಾರಿಂದ ಹೊದಿಕೆ, ಟೈರು ಇಸ್ಕೊಂಡು ಬಂದು ಹಾಕಿದ್ರು.”

“ಮತ್ತೆ ಅವತ್ತೇ ಹೇಳಬಾರದಿತ್ತಾ ಮಗು?” ಎಂದ ಅವನು.

“ಹೊದಿಕೆ ಬದಲಾದ್ರೆ ಇಡೀ ಕಾರಿನ ವಯಸ್ಸೇ ತಪ್ಪತ್ತೆ ಅಂತ ನಂಗೇನು ಗೊತ್ತು? ಕೇಳಿದ್ರೆ ಹೇಳ್ತಿದ್ದೆ ಮಾಮ. ನೀವು ಕೇಳ್ಲಿಲ್ಲ. ಬರೀ ಹೇಳಿದ್ರಿ.”

ಅವನು ತಲೆ ತಗ್ಗಿಸಿದ. ಆ ಕ್ಷಣಕ್ಕೆ ಯಾರಾದರೂ ಬೈದಿದ್ದರೆ ಹಿತವಾಗುತ್ತಿತ್ತು.

“ಯಾವಾಗ ಗೊತ್ತಾಯ್ತು ನಿಂಗೆ?” ಎಂದಳು ಅಕ್ಕ.

ಹೆಂಡತಿ ಅವನ ಮುಖವನ್ನೇ ನೋಡುತ್ತಿದ್ದಳು.

“ಆಗಲೇ ಎರಡು ವಾರ ಆಯ್ತು. ಹೇಳೋಕೆ ನಾಚಿಕೆಯಾಯ್ತು.”

ಅಕ್ಕ ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತಳು. ತಗಡಿನ ಪಟ್ಟಿಯ ಮೇಲೆ ಬೆರಳಾಡಿಸಿದಳು. ತುದಿ ಚುಚ್ಚದ ಹಾಗೆ ಅರ ಹಾಕಿ ಉರುಟು ಮಾಡಿದ್ದರು. ಅವಳ ಬೆರಳು ಅಲ್ಲೇ ಸುತ್ತಿತು.

“ನಿಂದು ಸರಿ, ಕಣ್ಣು ತಪ್ಪಿತು,” ಎಂದಳು. “ನಂಗೇನಾಗಿತ್ತು? ಇಷ್ಟು ವರ್ಷ ಒಂದೇ ತಟ್ಟೇಲಿ ಉಂಡೋಳು ನಾನು. ಅವರು ಸುಳ್ಳು ಹೇಳೋರಾ ಅಂತ ಒಂದು ಮಾತು ಬಾಯಿಗೆ ಬರ್ಲಿಲ್ಲವಲ್ಲ. ಕಾದು ಕೂತಿದ್ದೋಳ ಹಾಗೆ ನಂಬಿದೆ. ಈಗ ಕ್ಷಮಿಸಿ ಅಂತ ಯಾರನ್ನ ಕೇಳ್ಲಿ? ಮೊಳೇನಾ?”

ಕೆಳಗೆ ಟ್ಯಾಕ್ಸಿ ಹಾರ್ನ್ ಹಾಕಿತು. ಹುಡುಗಿ ಚೀಲದ ಕಡೆ ಕೈ ಚಾಚಿದಳು, ಆಮೇಲೆ ತಾಯಿಯನ್ನು ನೋಡಿದಳು.

“ಇರು. ನಾನೂ ಬರ್ತೀನಿ,” ಎಂದಳು ಅಕ್ಕ. “ನೀನು ಅಲ್ಲಿ ಇರೋದು ಬಿಡೋದು ಆಮೇಲೆ ಮಾತಾಡೋಣ, ನಿನ್ನ ತಡೆಯೋ ಮುಖ ನಂಗಿಲ್ಲ. ಮೊದಲು ನಿಮ್ಮತ್ತೆ ಮುಂದೆ ನಿಂತ್ಕೋಬೇಕು ನಾನು. ಸುಳ್ಳಿ ಅಂದುಬಿಟ್ಟಿದ್ದೀನಿ.” ಕಾರನ್ನು ಟವೆಲ್ಲಿನ ಸಮೇತ ಎತ್ತಿ ಎದೆಗೆ ಒತ್ತಿಕೊಂಡಳು.

“ನಾನೂ ಬರ್ಲಾ ಅಕ್ಕ?”

“ನೀನು ಬಂದೇನು ಮಾಡ್ತೀಯ?”

“ಅವರಿಗೆ ನಾನೇ ಹೇಳ್ತೀನಿ. ಅಂದಿದ್ದು ನಾನು ತಾನೇ.”

ಅಕ್ಕ ಚಪ್ಪಲಿಗೆ ಕಾಲು ತೂರಿಸುತ್ತ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು.

“ಮುಂದಿನ ಸೀಟಲ್ಲಿ ಕೂತ್ಕೋ. ದಾರೀಲಿ ಒಂದು ಮಾತೂ ಆಡಬೇಡ.”

ಟ್ಯಾಕ್ಸಿ ಗೇಟು ದಾಟಿ ರಸ್ತೆಯ ಉಬ್ಬು ಹತ್ತಿ ಇಳಿದಾಗ ಹಿಂದಿನಿಂದ ಏನೋ ಟಣ್ಣೆಂದು ಬಿತ್ತು. ಅವನು ಸರಿಯಾಗಿ ಬಿಗಿಯದೆ ಬಿಟ್ಟಿದ್ದ, ಭಾವನ ಕಾರಿನ ಒಂದು ಸಣ್ಣ ಸ್ಕ್ರೂ ಉರುಳುತ್ತ ಸೀಟಿನ ಕೆಳಗಿಂದ ಅವನ ಶೂ ಹತ್ತಿರ ಬಂದು ನಿಂತಿತು. ಅವನು ಬಗ್ಗಿ ಎತ್ತಿಕೊಂಡ. ತಿರುಗದೆ, ಅಂಗೈ ಬಿಚ್ಚಿ, ಹೆಗಲ ಮೇಲಿಂದ ಹಿಂದಕ್ಕೆ ಚಾಚಿದ. ಕೈ ಸೋಲುವಷ್ಟು ಹೊತ್ತು ಹಾಗೇ ಹಿಡಿದಿದ್ದ. ಮುಂದಿನ ಸಿಗ್ನಲ್ಲಿನಲ್ಲಿ ಟ್ಯಾಕ್ಸಿ ನಿಂತಾಗ ಯಾರದೋ ಬೆರಳು ಅದನ್ನು ಎತ್ತಿಕೊಂಡಿತು. ಯಾರದೆಂದು ಅವನು ತಿರುಗಿ ನೋಡಲಿಲ್ಲ.